ಓದುಗರ ಪ್ರಶ್ನೆ: ನನ್ನ ಮನೆ, ನನ್ನ ಗೋಡೆ, ಪಕ್ಷದ ಬಾವುಟ ಕಟ್ಟಲು ಯಾರ ಅಪ್ಪಣೆ ಬೇಕು?

ಚುನಾವಣೆಯ ದಿನಾಂಕ ಪ್ರಕಟವಾದ ಮರುದಿನದಿಂದಲೇ ಹಾಸನ ಮತ್ತು ಚಿಕ್ಕಮಗಳೂರಿನ ಓದುಗರಿಂದ ಈ ಪ್ರಶ್ನೆ ಬರತೊಡಗುತ್ತದೆ. ಸ್ವಂತ ಮನೆಯ ಮೇಲೆ ಬಾವುಟ ಕಟ್ಟುವುದಕ್ಕೂ ಕಾಂಪೌಂಡ್ ಗೋಡೆಯ ಮೇಲೆ ಬರೆಸುವುದಕ್ಕೂ ಅನುಮತಿ ಏಕೆ ಬೇಕು ಎಂಬುದು ಅದರ ತಿರುಳು. ಹಿಂದಿನ ಚುನಾವಣೆಗಳಲ್ಲೂ ಉತ್ತರಿಸಿದ್ದೇನೆ. ಈ ಬಾರಿಯಾದರೂ ದಯವಿಟ್ಟು ಉಳಿಸಿಟ್ಟುಕೊಳ್ಳಿ.

ಮೊದಲು ಬಾವುಟದ ವಿಷಯ. ಕಟ್ಟಬಹುದು. ಯಾರ ಒತ್ತಡಕ್ಕೂ ಒಳಗಾಗದೆ, ಸ್ವಂತ ಇಚ್ಛೆಯಿಂದ, ನೆರೆಯವರಿಗೆ ತೊಂದರೆಯಾಗದಂತೆ ತಮ್ಮ ಮನೆಯ ಮೇಲೆ ಒಂದು ಪಕ್ಷದ ಅಥವಾ ಅಭ್ಯರ್ಥಿಯ ಗರಿಷ್ಠ 3 ಬಾವುಟಗಳನ್ನು ಹಾರಿಸಲು, ಸ್ಥಳೀಯ ಕಾನೂನಿನ ಅಡ್ಡಿ ಇಲ್ಲದಿದ್ದರೆ, ಚುನಾವಣಾ ಆಯೋಗದ ಸೂಚನೆಗಳಲ್ಲಿ ಅವಕಾಶವಿದೆ. ಒಂದಕ್ಕಿಂತ ಹೆಚ್ಚು ಪಕ್ಷಗಳ ಬಾವುಟಗಳಾದರೆ ತಲಾ ಒಂದು ಮಾತ್ರ. ಅಣ್ಣ ಒಂದು ಪಕ್ಷ, ತಮ್ಮ ಇನ್ನೊಂದು ಪಕ್ಷ ಎನ್ನುವ ಮನೆಗಳು ಹೊಳೆನರಸೀಪುರದ ಕಡೆಗೂ ಕಡೂರಿನ ಕಡೆಗೂ ಅಪರೂಪವಲ್ಲವಾದ್ದರಿಂದ ಈ ಎರಡನೆಯ ಮಾತನ್ನು ವಿಶೇಷವಾಗಿ ಹೇಳಬೇಕಾಯಿತು.

ಇನ್ನು ಗೋಡೆಯ ವಿಷಯಕ್ಕೆ ಬರೋಣ. ಎಷ್ಟು ಸಲ ಬಿಡಿಸಿ ಹೇಳಿದರೂ ಸಾಯದ ಒಂದು ನಂಬಿಕೆ ಇಲ್ಲಿದೆ: ಮನೆ ಮಾಲೀಕರು ಒಪ್ಪಿಗೆ ಪತ್ರ ಬರೆದುಕೊಟ್ಟರೆ ಸಾಕು, ಮುಂದೆ ಯಾರೂ ಕೇಳುವಂತಿಲ್ಲ. ಕಾರ್ಯಕರ್ತರು ಹೀಗೆಂದೇ ಹೇಳಿ ಸಹಿ ಹಾಕಿಸಿಕೊಳ್ಳುತ್ತಾರೆ. ಮಾಲೀಕರೂ ಹೀಗೆಂದೇ ನಂಬಿ ಸಹಿ ಹಾಕುತ್ತಾರೆ. ಈ ನಂಬಿಕೆ ಹುಟ್ಟಿದ್ದು ಮಾದರಿ ನೀತಿ ಸಂಹಿತೆಯ ಒಂದು ವಾಕ್ಯವನ್ನು ತಲೆಕೆಳಗಾಗಿ ಓದಿದ್ದರಿಂದ. ಯಾವುದೇ ವ್ಯಕ್ತಿಯ ಜಮೀನು, ಕಟ್ಟಡ, ಕಾಂಪೌಂಡ್ ಗೋಡೆಗಳನ್ನು ಅವರ ಅನುಮತಿಯಿಲ್ಲದೆ ಬಾವುಟ ನೆಡಲು, ಬ್ಯಾನರ್ ಕಟ್ಟಲು, ಘೋಷಣೆ ಬರೆಯಲು ಪಕ್ಷಗಳು ಬಳಸಕೂಡದು ಎಂದು ಸಂಹಿತೆ ಹೇಳುತ್ತದೆ. ಇದು ಪಕ್ಷಗಳಿಗೆ ಹಾಕಿದ ಕಡಿವಾಣವೇ ಹೊರತು ಮಾಲೀಕರಿಗೆ ಕೊಟ್ಟ ಪರವಾನಗಿಯಲ್ಲ. ಬಾಗಿಲು ತಟ್ಟದೆ ಒಳಗೆ ಬರಬೇಡಿ ಎಂದ ಮಾತ್ರಕ್ಕೆ ತಟ್ಟಿದವರೆಲ್ಲ ನೇರವಾಗಿ ಅಡುಗೆಮನೆಗೆ ನಡೆಯಬಹುದು ಎಂದಾಗುವುದಿಲ್ಲ.

ಒಪ್ಪಿಗೆ ಪತ್ರದ ಆಚೆಗೆ 1981ರ ಕರ್ನಾಟಕ ತೆರೆದ ಸ್ಥಳಗಳ (ವಿರೂಪಗೊಳಿಸುವಿಕೆ ತಡೆ) ಕಾಯ್ದೆ ನಿಂತಿದೆ. ನಗರ ಮತ್ತು ಪಟ್ಟಣ ಪ್ರದೇಶಗಳಲ್ಲಿ, ಸಾರ್ವಜನಿಕರ ಕಣ್ಣಿಗೆ ಕಾಣುವ ಸ್ಥಳದಲ್ಲಿ, ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿಯಿಲ್ಲದೆ ಜಾಹೀರಾತು ಅಂಟಿಸುವುದು, ಬರೆಯುವುದು, ಪ್ರದರ್ಶಿಸುವುದು ಈ ಕಾಯ್ದೆಯಡಿ ಅಪರಾಧ. ಶಿಕ್ಷೆ 6 ತಿಂಗಳವರೆಗೆ ಸೆರೆವಾಸ, ಅಥವಾ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಓದುಗರು ಗಮನಿಸದೆ ದಾಟಿಹೋಗುವ ಭಾಗವೆಂದರೆ, ಸಾರ್ವಜನಿಕರ ಕಣ್ಣಿಗೆ ಕಾಣುವ ಸ್ಥಳ ಎಂಬುದರಲ್ಲಿ ರಸ್ತೆಯಲ್ಲಿ ಹೋಗುವವರಿಗೆ ಕಾಣುವ ಖಾಸಗಿ ಕಟ್ಟಡ, ಗೋಡೆ, ಬೇಲಿ, ಮರ ಎಲ್ಲವೂ ಸೇರುತ್ತವೆ. ಬಿ.ಎಂ. ರಸ್ತೆಗೆ ಮುಖ ಮಾಡಿದ ಕಾಂಪೌಂಡ್ ನಿಮ್ಮದೇ ಇರಬಹುದು, ಅದರ ಕಂದಾಯವನ್ನೂ ನೀವೇ ಕಟ್ಟುತ್ತಿರಬಹುದು. ಕಾಯ್ದೆಯ ಮಟ್ಟಿಗೆ ಅದು ತೆರೆದ ಸ್ಥಳ. ಸ್ಥಳೀಯ ಕಾನೂನು ಅನುಮತಿಸದ ಕಡೆ ಮಾಲೀಕರ ಒಪ್ಪಿಗೆ ಇದ್ದರೂ ಗೋಡೆ ಬರಹ, ಭಿತ್ತಿಪತ್ರ ಕೂಡದು ಎಂದು ಆಯೋಗವೂ ಹೇಳಿದೆ. ಕಾನೂನು ಅನುಮತಿಸುವ ಕಡೆಯೂ ಒಪ್ಪಿಗೆ ಪತ್ರದ ಪ್ರತಿಯನ್ನು, ತಗುಲಿದ ಖರ್ಚಿನ ವಿವರದೊಂದಿಗೆ, ಅಭ್ಯರ್ಥಿ 3 ದಿನಗಳೊಳಗೆ ಚುನಾವಣಾಧಿಕಾರಿಗೆ ಸಲ್ಲಿಸಬೇಕು. ನೀವು ಸಹಿ ಮಾಡಿದ ಪತ್ರ ಅಲ್ಲಿಗೆ ತಲುಪಿತೇ ಎಂದು ಎಂದಾದರೂ ವಿಚಾರಿಸಿದ್ದೀರಾ?

ಚುನಾವಣೆ ಘೋಷಣೆಯಾದ ಮೇಲೆ ಅನಧಿಕೃತ ಪ್ರಚಾರ ಸಾಮಗ್ರಿಯನ್ನು ಸರ್ಕಾರಿ ಕಟ್ಟಡಗಳಿಂದ 24 ಗಂಟೆಗಳಲ್ಲಿ, ಸಾರ್ವಜನಿಕ ಸ್ಥಳಗಳಿಂದ 48 ಗಂಟೆಗಳಲ್ಲಿ, ಖಾಸಗಿ ಆಸ್ತಿಗಳಿಂದ 72 ಗಂಟೆಗಳಲ್ಲಿ ತೆಗೆಸಬೇಕೆಂಬ ಗಡುವು ಇದೆ. ಬಕೆಟ್ಟಿನಲ್ಲಿ ಸುಣ್ಣ ಕಲಸಿಕೊಂಡು ಬಂದ ಪೌರಕಾರ್ಮಿಕರು ನಿಮ್ಮ ಗೋಡೆಯ ಬರಹದ ಮೇಲೆ ಎರಡು ಕೈ ಬಳಿದು ಹೋಗುತ್ತಾರೆ. ಒಣಗಿದ ಮೇಲೆ ಚಿಹ್ನೆಯ ಅಂಚು ಸುಣ್ಣದಡಿಯಿಂದ ಮಸುಕಾಗಿ ಎದ್ದು ಕಾಣುತ್ತದೆ, ಇಡೀ ಗೋಡೆಗೆ ಮತ್ತೆ ಬಣ್ಣ ಹೊಡೆಸುವ ಖರ್ಚು ನಿಮ್ಮ ತಲೆಗೇ ಬರುತ್ತದೆ. ಒಪ್ಪಿಗೆ ಪತ್ರ ಪಡೆದವರು ಆ ಹೊತ್ತಿಗೆ ಫೋನ್ ಎತ್ತುವುದಿಲ್ಲ.

ಖರ್ಚಿನ ಮಾತು ಬಂದಿದ್ದರಿಂದ ಇನ್ನೊಂದು ವಿಷಯ. ಪಕ್ಷದ ಬಾವುಟ ಬೇರೆ, ನಿರ್ದಿಷ್ಟ ಅಭ್ಯರ್ಥಿಗೆ ಮತ ಕೇಳುವ ಬ್ಯಾನರ್ ಬೇರೆ. ಎರಡನೆಯದನ್ನು ಅಭಿಮಾನದಿಂದ ನೀವೇ ಹಣ ಕೊಟ್ಟು ಮಾಡಿಸಿದರೆ, ಆ ಅಭ್ಯರ್ಥಿಯ ಲಿಖಿತ ಅಧಿಕಾರವಿಲ್ಲದ ಆ ಖರ್ಚು ಭಾರತೀಯ ನ್ಯಾಯ ಸಂಹಿತೆಯ 176ನೆಯ ಕಲಮಿನಡಿ ಅಪರಾಧವಾಗುತ್ತದೆ. ದಂಡ 10,000 ರೂಪಾಯಿವರೆಗೆ. ಖರ್ಚು 10 ರೂಪಾಯಿ ಮೀರದಿದ್ದರೆ, 10 ದಿನಗಳೊಳಗೆ ಅಭ್ಯರ್ಥಿಯ ಲಿಖಿತ ಒಪ್ಪಿಗೆ ಪಡೆದು ಪಾರಾಗಬಹುದು. ಈ 10 ರೂಪಾಯಿಯ ಮಿತಿ 1920ರಲ್ಲಿ ದಂಡ ಸಂಹಿತೆಗೆ ಸೇರಿದ್ದು, 2023ರ ಹೊಸ ಸಂಹಿತೆಗೂ ಹಾಗೆಯೇ ದಾಟಿಬಂದಿದೆ. ಬ್ಯಾನರ್ ಇರಲಿ, ಅದನ್ನು ಕಟ್ಟುವ ಹಗ್ಗವೂ ಇಂದು ಆ ಮಿತಿಯೊಳಗೆ ಸಿಗಲಾರದು. ಫ್ಲೆಕ್ಸ್ ಮಾಡಿಸುತ್ತೇನೆ ಎನ್ನುವವರು, ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್ ಮತ್ತು ಬಾವುಟಗಳನ್ನು ರಾಜ್ಯ ಸರ್ಕಾರ 2016ರಲ್ಲಿಯೇ ನಿಷೇಧಿಸಿರುವುದನ್ನೂ ನೆನಪಿಟ್ಟುಕೊಳ್ಳಿ. ಬಟ್ಟೆಯದಾದರೂ ಕಾಗದದ್ದಾದರೂ ಅಚ್ಚು ಹಾಕಿಸಿದ ಚುನಾವಣಾ ಭಿತ್ತಿಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು.

ಸ್ವಂತ ಇಚ್ಛೆ ಎಂದು ಮೇಲೆ ಬರೆದೆ. ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕಾರ್ಮಿಕರಿಗಾಗಿ ಸಾಲಾಗಿ ಕಟ್ಟಿದ ಮನೆಗಳಲ್ಲಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಬಣ್ಣದ, ಒಂದೇ ಅಳತೆಯ ಬಾವುಟಗಳು ಕಂಡರೆ, ಅಲ್ಲಿ ವಾಸಿಸುವ ಪ್ರತಿ ಕುಟುಂಬಕ್ಕೂ ಒಂದೇ ದಿನ ಒಂದೇ ಇಚ್ಛೆ ಮೂಡಿತೆಂದು ನಂಬುವುದು ನನಗೆ ಕಷ್ಟ. ಕಟ್ಟಡ ತೋಟದ ಮಾಲೀಕರದ್ದು ನಿಜ; ಆದರೆ ಒತ್ತಡವಿಲ್ಲದೆ ಎಂಬ ಷರತ್ತು ಇರುವುದು ಇಂತಹ ಸಾಲುಗಳಿಗಾಗಿಯೇ. ಒತ್ತಾಯ ನಡೆದಿದ್ದರೆ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಸ್ಥಳದಿಂದಲೇ ಚಿತ್ರ ತೆಗೆದು, ಹೆಸರು ಹೇಳದೆ ದೂರು ಕೊಡಬಹುದು.

ಇಷ್ಟು ಬರೆದ ಮೇಲೆ, ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಒಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ. ನಮ್ಮ ಊರುಗಳಲ್ಲಿ ಮತಗಟ್ಟೆ ಇರುವುದು ಸರ್ಕಾರಿ ಶಾಲೆಯಲ್ಲಿ, ಆ ಶಾಲೆಗೆ ಆತುಕೊಂಡಂತೆ ಮನೆಗಳಿರುತ್ತವೆ. ಅನುಮತಿಯಂತೆಯೇ ಕಟ್ಟಿದ, ಮೂರೇ ಮೂರು ಬಾವುಟಗಳಿರುವ ಅಂತಹ ಮನೆಯವರು ಮತದಾನದ ದಿನ ಏನು ಮಾಡಬೇಕು? 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 130ನೆಯ ಕಲಮಿನ ಪ್ರಕಾರ ಮತಗಟ್ಟೆಯಿಂದ 100 ಮೀಟರ್ ಒಳಗೆ, ಅದು ಸಾರ್ವಜನಿಕ ಸ್ಥಳವಾಗಲಿ ಖಾಸಗಿ ಸ್ಥಳವಾಗಲಿ, ಅಂದು ಮತ ಯಾಚಿಸುವಂತಿಲ್ಲ, ಚುನಾವಣೆಗೆ ಸಂಬಂಧಿಸಿದ ಯಾವುದೇ ಸೂಚನೆ ಅಥವಾ ಗುರುತನ್ನು ಪ್ರದರ್ಶಿಸುವಂತಿಲ್ಲ. ಖಾಸಗಿ ಸ್ಥಳ ಎಂಬುದು ಕಾಯ್ದೆಯಲ್ಲಿಯೇ ಇರುವುದರಿಂದ ನನ್ನ ಮನೆ ಎಂಬ ವಾದ ಇಲ್ಲಿಯೂ ನಿಲ್ಲುವುದಿಲ್ಲ. ದಂಡ 250 ರೂಪಾಯಿವರೆಗೆ ಮಾತ್ರ, ಆದರೆ ಇದು ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದಾದ ಅಪರಾಧ. ಆದ್ದರಿಂದ ಶಾಲೆಯ ಪಕ್ಕದವರು ಹಿಂದಿನ ಸಂಜೆಯೇ ಬಾವುಟ ಇಳಿಸಿ ಒಳಗಿಟ್ಟು, ಮತದಾನ ಮುಗಿದ ಮೇಲೆ ಬೇಕಿದ್ದರೆ ಮತ್ತೆ ಏರಿಸಿಕೊಳ್ಳಿ.