ವಿಡಿಯೊ ನೋಡುವಾಗ ಎಲ್ಲ ಅರ್ಥವಾಗುತ್ತೆ, ಬರೆಯಲು ಕೂತರೆ ಕೈ ಓಡಲ್ಲ. ಏನು ಮಾಡಲಿ?

ಪ್ರಶ್ನೆ: ಮನೆಯಲ್ಲೇ ಯೂಟ್ಯೂಬ್ ನೋಡಿಕೊಂಡು ವೆಬ್ ಡೆವಲಪ್‌ಮೆಂಟ್ ಕಲಿಯುತ್ತಿದ್ದೇನೆ. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಕೋರ್ಸ್‌ಗಳು ಮುಗಿದಿವೆ. ನೋಡುವಾಗ ಎಲ್ಲ ಅರ್ಥವಾಗುತ್ತದೆ. ನಾನೇ ಬರೆಯಲು ಕೂತರೆ ಒಂದು ಸಾಲೂ ಹೊಳೆಯುವುದಿಲ್ಲ. ನೇರವಾಗಿ ರಿಯಾಕ್ಟ್ ಶುರು ಮಾಡಿಬಿಡಲೇ?

ಉತ್ತರ: ಬೇಡ, ಸ್ವಲ್ಪ ತಡೆಯಿರಿ. ರಿಯಾಕ್ಟ್, ಅಂದರೆ ವೆಬ್ ಪುಟ ಕಟ್ಟಲು ಬಳಸುವ ಜಾವಾಸ್ಕ್ರಿಪ್ಟ್ ಲೈಬ್ರರಿ, ಕಲಿಯಬೇಕಾದದ್ದೇ. 2013ರಲ್ಲಿ ಫೇಸ್‌ಬುಕ್ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು, ಈಗ ಕೆಲಸದ ಜಾಹೀರಾತುಗಳಲ್ಲೂ ಅದರ ಹೆಸರು ಜಾಸ್ತಿ. ಆದರೆ ನಿಮ್ಮ ತೊಂದರೆ ಬೇರೆ. ಮೊದಲು ಏನು ಬರೆಯಬೇಕು, ಆಮೇಲೆ ಏನು ಅನ್ನುವ ಯೋಚನೆಯನ್ನೆಲ್ಲ ವಿಡಿಯೊದ ಮೇಷ್ಟ್ರೇ ಮಾಡಿ ಮುಗಿಸಿರುತ್ತಾರೆ. ನಿಮಗೆ ಉಳಿಯುವುದು ಟೈಪ್ ಮಾಡುವ ಕೆಲಸ. ರಿಯಾಕ್ಟ್ ವಿಡಿಯೊ ಹಾಕಿಕೊಂಡರೂ ಇದೇ ಕಥೆ.

ಕೆಲವು ದಿನ ವಿಡಿಯೊ ನಿಲ್ಲಿಸಿ. ಮನೆಗೆ ನಿಜವಾಗಿ ಬೇಕಾದ ಒಂದು ಚಿಕ್ಕ ಪುಟ ಮಾಡಿ. ಹಾಲಿನ ಲೆಕ್ಕ ಅಂತಿಟ್ಟುಕೊಳ್ಳಿ. ಬೆಳಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು ಅಂತ ಎರಡು ಖಾನೆ, ‘ಕೂಡಿಸು’ ಅಂತ ಒಂದು ಬಟನ್, ಕೆಳಗೆ ಒಟ್ಟು. ಬಣ್ಣ, ಅಂದಚಂದ ಆಮೇಲೆ ನೋಡೋಣ.

ಮೊದಲು ಹಾಳೆಯ ಮೇಲೆ ಕನ್ನಡದಲ್ಲೇ ಬರೆಯಿರಿ: ಬಟನ್ ಒತ್ತಿದಾಗ ಎರಡೂ ಖಾನೆ ಓದು, ಕೂಡಿಸು, ಕೆಳಗೆ ತೋರಿಸು. ಆಮೇಲೆ ಒಂದೊಂದನ್ನೇ ಕೋಡ್ ಮಾಡಿ. ಮರೆತದ್ದನ್ನು ಎಂಡಿಎನ್ ಅನ್ನುವ ವೆಬ್ ಕೈಪಿಡಿ ತಾಣದಲ್ಲಿ ಹುಡುಕಿ. ಅದರಲ್ಲಿ ನಾಚಿಕೆ ಏನಿಲ್ಲ, ವರ್ಷಗಟ್ಟಲೆ ಇದೇ ಕೆಲಸ ಮಾಡಿದವರೂ ದಿನಾ ಹುಡುಕುತ್ತಾರೆ.

ಬಹುಶಃ ಮೊದಲ ಸಲ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಎಫ್12 ಒತ್ತಿ ಕನ್ಸೋಲ್ ತೆರೆಯಿರಿ, ಕೋಡ್‌ನ ತಪ್ಪುಗಳನ್ನು ಬ್ರೌಸರ್ ತೋರಿಸುವುದು ಅಲ್ಲೇ. ಕ್ರೋಮ್ ಆದರೆ ‘ಕೆನಾಟ್ ರೀಡ್ ಪ್ರಾಪರ್ಟೀಸ್ ಆಫ್ ನಲ್’ ಅಂತ ಕೆಂಪು ಸಾಲು ಕಾಣಬಹುದು. ನೀವು ಹುಡುಕಿದ ಬಟನ್ ಸಿಗಲಿಲ್ಲ ಅನ್ನುವುದೇ ಅದರ ಅರ್ಥ. ಬಟನ್‌ಗೆ ಕೊಟ್ಟ ಐಡಿ ಹೆಸರಿನಲ್ಲಿ ಒಂದಕ್ಷರ ತಪ್ಪಿರಬೇಕು. ಇಲ್ಲವೇ ಕೋಡ್ ಸೇರಿಸುವ ಸ್ಕ್ರಿಪ್ಟ್ ಟ್ಯಾಗನ್ನು ಪುಟದ ಮೊದಲಿಗೇ ಬರುವ ಹೆಡ್ ಒಳಗೆ ಇಟ್ಟಿರಬೇಕು. ಬ್ರೌಸರ್ ಮೇಲಿನಿಂದ ಕೆಳಕ್ಕೆ ಓದುತ್ತದೆ, ಬಟನ್ ಇನ್ನೂ ಬರುವ ಮೊದಲೇ ನಿಮ್ಮ ಕೋಡ್ ಓಡಿಬಿಟ್ಟಿದೆ. ಕೋಡ್ ಬೇರೆ ಫೈಲ್‌ನಲ್ಲಿದ್ದರೆ ಆ ಟ್ಯಾಗ್‌ಗೆ ‘ಡಿಫರ್’ ಅಂತ ಸೇರಿಸಿದರೆ ಸಾಕು, ಪುಟ ಓದಿ ಮುಗಿದ ಮೇಲೆ ಕೋಡ್ ಓಡುತ್ತದೆ. ಕೆಂಪು ಸಾಲು ಕಂಡ ಕೂಡಲೇ ಕನ್ಸೋಲ್ ಮುಚ್ಚುವವರೇ ಜಾಸ್ತಿ. ಅದರ ಬಲಗಡೆಯಲ್ಲೇ ಫೈಲ್ ಹೆಸರು, ಸಾಲಿನ ಸಂಖ್ಯೆ ಎರಡೂ ಇರುತ್ತವೆ, ಗಮನಿಸಿ.

ಈಗ ಬೆಳಗ್ಗೆ 1, ಸಂಜೆ 2 ಹಾಕಿ ಒತ್ತಿ. ಒಟ್ಟು 12 ಲೀಟರ್! ಮದುವೆ ಮನೆಯೇ ಇರಬೇಕು. ಖಾನೆಯಿಂದ ಬರುವುದು ಸಂಖ್ಯೆಯಲ್ಲ, ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. ಖಾನೆಯ ಟೈಪ್ ‘ನಂಬರ್’ ಅಂತ ಕೊಟ್ಟಿದ್ದರೂ ಅಷ್ಟೇ. ಎರಡು ಸ್ಟ್ರಿಂಗ್ ನಡುವೆ ಪ್ಲಸ್ ಹಾಕಿದರೆ ಜಾವಾಸ್ಕ್ರಿಪ್ಟ್ ಕೂಡಿಸುವುದಿಲ್ಲ, ಅಂಟಿಸುತ್ತದೆ. ಎರಡನ್ನೂ ‘ನಂಬರ್’ ಫಂಕ್ಷನ್‌ಗೆ ಕೊಟ್ಟು ಆಮೇಲೆ ಕೂಡಿಸಿ. ತಮಾಷೆ ಅಂದರೆ, ಲೀಟರನ್ನು ದರದಿಂದ ಗುಣಿಸಿದಾಗ ಈ ತಾಪತ್ರಯವೇ ಇಲ್ಲ, ಅಲ್ಲಿ ತಾನೇ ಸಂಖ್ಯೆ ಮಾಡಿಕೊಳ್ಳುತ್ತದೆ. 1995ರಲ್ಲಿ ಬ್ರೆಂಡನ್ ಐಕ್ 10 ದಿನದಲ್ಲಿ ಮೊದಲ ರೂಪ ಕೊಟ್ಟ ಭಾಷೆ ಇದು. ಇಂಥ ಚಾಳಿ ಇನ್ನೂ ಸುಮಾರಿವೆ. ಇದನ್ನೆಲ್ಲ ನೀವು ವಿಡಿಯೊದಲ್ಲಿ ಕೇಳಿಯೇ ಇರುತ್ತೀರಿ. ಕೇಳಿದ್ದು ಹೊಳೆಯಲಿಲ್ಲ, ಅಲ್ವಾ? ನಿಮ್ಮದೇ ಲೆಕ್ಕ ತಪ್ಪಿದ ಮೇಲೆ ಮರೆಯುವುದಿಲ್ಲ.

ಚಾಟ್‌ಜಿಪಿಟಿ ಕೇಳಬಹುದಾ ಅಂದರೆ, ಕೇಳಿ. ಕೋಡ್ ಬರೆದುಕೊಡು ಅನ್ನಬೇಡಿ, ಈ ಎರರ್ ಯಾಕೆ ಬಂತು ಅಂತ ಕೇಳಿ. ಉತ್ತರ ಓದಿ, ಮುಚ್ಚಿ, ನೀವೇ ಬರೆಯಿರಿ.

ಪುಟ ರಿಫ್ರೆಶ್ ಮಾಡಿದರೆ ಲೆಕ್ಕವೆಲ್ಲ ಮಾಯವಾಗುತ್ತದೆ. ಆಗ ಲೋಕಲ್‌ಸ್ಟೋರೇಜ್ ಕಲಿಯಿರಿ, ಬ್ರೌಸರ್‌ನಲ್ಲೇ ಡೇಟಾ ಉಳಿಸಿಡುವ ಜಾಗ ಅದು. ಅಲ್ಲೂ ಸ್ಟ್ರಿಂಗ್ ಮಾತ್ರ ಉಳಿಯುತ್ತದೆ, ಹಾಗಾಗಿ ತಿಂಗಳ ಪಟ್ಟಿ ಇಡಲು ಜೇಸನ್, ಅಂದರೆ ಪಟ್ಟಿಯನ್ನು ಸ್ಟ್ರಿಂಗ್ ಆಗಿ ಬರೆಯುವ ರೀತಿ, ಬೇಕಾಗುತ್ತದೆ. ಆಮೇಲೆ ಪುಟವನ್ನು ಇಂಟರ್ನೆಟ್‌ನಲ್ಲಿ ಇಡಲು ಜಾಗ ಕೊಡುವ ಗಿಟ್‌ಹಬ್ ಪೇಜಸ್‌ನಲ್ಲಿ ಬಿಟ್ಟಿಯಾಗಿ ಹಾಕಿ, ಅಮ್ಮನ ಮೊಬೈಲ್‌ನಲ್ಲಿ ತೆರೆದು ಕೊಡಿ. ಅಕ್ಷರ ಇರುವೆಯಷ್ಟು ಚಿಕ್ಕದಾಗಿ ಕಂಡರೆ ಪುಟವನ್ನು ಮೊಬೈಲ್ ಅಗಲಕ್ಕೆ ಹೊಂದಿಸುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಹಾಕಲು ಮರೆತಿದ್ದೀರಿ ಅಂತ.

ಅಮ್ಮ ಸುಮ್ನೆ ಇರುತ್ತಾರಾ? “ನಿನ್ನೆದು ಎರಡು ಸಲ ಬಿದ್ದಿದೆ ಕಣೋ, ಅಳಿಸೋದು ಎಲ್ಲಿ?” ಅನ್ನುತ್ತಾರೆ. ಅಳಿಸುವ ಬಟನ್ ಹಾಕುತ್ತೀರಿ. ಸಾಲು ಹೋಗುತ್ತದೆ, ಒಟ್ಟು ಮಾತ್ರ ಹಾಗೇ ಇರುತ್ತದೆ. ಒಟ್ಟು ಸರಿಮಾಡುತ್ತೀರಿ, ತಿಂಗಳ ಬಿಲ್ ಹಳೆಯದೇ. ಒಂದು ಕಡೆ ಮುಟ್ಟಿದರೆ ನಾಲ್ಕು ಕಡೆ ನೀವೇ ತಿದ್ದಬೇಕು. ಡೇಟಾ ಬದಲಾದರೆ ಪರದೆಯೂ ಅದಕ್ಕೆ ತಕ್ಕಂತೆ ಬದಲಾಗಲಿ ಅಂತಲೇ ರಿಯಾಕ್ಟ್ ಬಂದಿದ್ದು. ಈ ಕಿರಿಕಿರಿ ಅನುಭವಿಸಿದ ಮೇಲೆ ಅದರ ಮೊದಲ ಪಾಠಕ್ಕೆ ಕೂರಿ.