ಕರೆಂಟ್ ಮುಗಿದಿದೆ ಅಂತ ಹಲ್ಲು ಕೀಳಿಸಬೇಡಿ

ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಕರೆಂಟ್, ಅಂದರೆ ರೇಡಿಯೇಶನ್ ಚಿಕಿತ್ಸೆ, ಕೊಡಿಸಿಕೊಂಡವರು, ಆಮೇಲೆ ಎಲ್ಲೋ ಹಲ್ಲು ಕೀಳಿಸಿಕೊಂಡು, ಗಾಯ ಮಾಯದೆ ನನ್ನ ಹತ್ತಿರ ಬರುವುದು ಇನ್ನೂ ನಿಂತಿಲ್ಲ. ಸುಲಭವಾಗಿ ತಪ್ಪಿಸಬಹುದಾಗಿದ್ದ ನೋವು ಇದು. ನೋಡಿದಾಗ ಸಿಟ್ಟೂ ಬರುತ್ತದೆ, ಕರುಳೂ ಚುರುಕ್ ಅನ್ನುತ್ತದೆ.

ರೋಣದ ಕಡೆಯ ರೈತರೊಬ್ಬರು ಬಂದಿದ್ದರು. ನಾಲಿಗೆ ಕ್ಯಾನ್ಸರ್ ವಾಸಿಯಾಗಿ ಎರಡು ವರ್ಷ. ಕೆಳಗಿನ ದವಡೆಹಲ್ಲು ಅಲುಗಾಡುತ್ತಿತ್ತು, ಸಂತೆಗೆ ಹೋದಾಗ ಕೀಳಿಸಿಬಿಟ್ಟರು. ತಿಂಗಳುಗಟ್ಟಲೆ ಕಳೆದರೂ ಕುಳಿ ತುಂಬಲಿಲ್ಲ. ಬಾಯಿ ತೆರೆಸಿ ನೋಡಿದರೆ ಒಸಡಿನ ನಡುವೆ ಹಳದಿ ಎಲುಬು ಕಾಣುತ್ತಿತ್ತು. “ನಾಲಿಗಿ ತಾಗಿದ್ರ ಚುಚ್ಚತೈತ್ರಿ” ಅಂದರು. ಹಲ್ಲಿನ ಡಾಕ್ಟರ್‌ಗೆ ಕರೆಂಟ್ ವಿಷಯ ಹೇಳಿದ್ರಾ ಅಂತ ಕೇಳಿದೆ. “ಅದು ಮುಗದು ಎರಡ ವರ್ಷ ಆತಲ್ರಿ ಸಾಹೇಬ್ರ, ಅದನ್ಯಾಕ ಹೇಳೂದು ಅಂತ ಸುಮ್ನ ಇದ್ದೆ.”

ಎಲ್ಲರೂ ಎಡವುವುದು ಇಲ್ಲೇ. ಕರೆಂಟ್ ಕ್ಯಾನ್ಸರ್ ಕಣಗಳನ್ನು ಸಾಯಿಸುವಾಗ ದವಡೆ ಎಲುಬಿನ ಸಣ್ಣ ರಕ್ತನಾಳಗಳೂ ಹಾಳಾಗುತ್ತವೆ. ಚಿಕಿತ್ಸೆ ನಿಂತ ಮೇಲೆ ಅವು ಮೊದಲಿನಂತೆ ಆಗುವುದಿಲ್ಲ. ಕೆಳದವಡೆಗೆ ಮೊದಲೇ ರಕ್ತ ಕಡಿಮೆ. ಹಾಗಾಗಿ ಅಲ್ಲಿ ಹೊಸ ಗಾಯವಾದರೆ ಮಾಯುವ ಶಕ್ತಿ ಎಲುಬಿಗೆ ಇರುವುದಿಲ್ಲ, ಎಲುಬೇ ಸಾಯಬಹುದು. ಎಲ್ಲರಿಗೂ ಹೀಗೆ ಆಗುತ್ತದೆ ಅಂತಲ್ಲ. 60 ಗ್ರೇಗಿಂತ (ಗ್ರೇ ಅಂದರೆ ಕರೆಂಟ್ ಅಳೆಯುವ ಲೆಕ್ಕ) ಹೆಚ್ಚು ಡೋಸ್ ಬಿದ್ದ ಜಾಗದಲ್ಲಿ ಅಪಾಯ ಜಾಸ್ತಿ. ಆದರೆ ಐದು ವರ್ಷವಾಗಲಿ, ಹತ್ತು ವರ್ಷವಾಗಲಿ, ಅಪಾಯ ಮುಗಿಯಿತು ಅನ್ನುವ ಹಾಗಿಲ್ಲ. ರೋಗಿಗಳಿಗೆ ನಾನು ಹೇಳುವುದು ಇಷ್ಟೇ: ಕಾಲುವೆ ಬತ್ತಿದ ಹೊಲದಲ್ಲಿ ಬಿತ್ತಿದರೆ ಪೈರು ಏಳುತ್ತದಾ?

ಅದಕ್ಕೇ ಹಲ್ಲು ತೋರಿಸಬೇಕಾದದ್ದು ಕರೆಂಟ್ ಶುರುವಾಗುವ ಮೊದಲು. ಉಳಿಯುವ ಹಲ್ಲನ್ನು ಉಳಿಸುತ್ತೇವೆ, ಎಲ್ಲವನ್ನೂ ಕಿತ್ತುಹಾಕುವುದಿಲ್ಲ. ಉಳಿಯದ ಹಲ್ಲು ತೆಗೆದರೆ ಗಾಯ ಮಾಯಲು ಕನಿಷ್ಠ ಎರಡು ವಾರ, ಸಾಧ್ಯವಾದರೆ ಮೂರು ವಾರ ಬೇಕು. “ಹಲ್ಲಿಂದು ಆಮ್ಯಾಲ ನೋಡೂಣ್ರಿ, ಮೊದಲ ಕರೆಂಟ್ ಇಡಸೂಣು” ಅಂತ ಮನೆಯವರು ಅವಸರ ಮಾಡುತ್ತಾರೆ. ಅವರ ಗಾಬರಿ ನನಗೆ ಅರ್ಥವಾಗುತ್ತದೆ. ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಆರು ವಾರದೊಳಗೆ ಕರೆಂಟ್ ಶುರುವಾಗಬೇಕು, ಹಲ್ಲಿಗಾಗಿ ಅದನ್ನು ತಳ್ಳುತ್ತ ಹೋಗುವುದೂ ತಪ್ಪು. ಆದ್ದರಿಂದ ಆಪರೇಷನ್‌ಗೂ ಮುಂಚೆಯೇ ಬನ್ನಿ. ಎಷ್ಟೋ ಸಲ ಅದೇ ಆಪರೇಷನ್‌ನಲ್ಲಿ ಕೆಟ್ಟ ಹಲ್ಲುಗಳನ್ನೂ ತೆಗೆಯಬಹುದು.

ಇನ್ನು ಬಾಯಿ ಹುಣ್ಣು. ಕರೆಂಟ್‌ನ ಎರಡನೇ, ಮೂರನೇ ವಾರಕ್ಕೆ ಶುರುವಾಗಿ ಚಿಕಿತ್ಸೆಯ ಕೊನೆಯ ದಿನಗಳಲ್ಲಿ ಜೋರಾಗುತ್ತದೆ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಹಾಕಿ ಎರಡು ಮೂರು ಗಂಟೆಗೊಮ್ಮೆ ಮುಕ್ಕಳಿಸಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ, ಉರಿ ಹೆಚ್ಚುತ್ತದೆ. ನಮ್ಮ ಕಡೆ ಖಾರ ಬಿಡಿಸುವುದೇ ದೊಡ್ಡ ಕೆಲಸ. “ಬ್ಯಾಡಗಿ ಮೆಣಸಿನಕಾಯಿರಿ, ಅದರಾಗ ಖಾರ ಎಲ್ಲೈತ್ರಿ?” ಅಂತ ಹಾವೇರಿ ಕಡೆಯ ಅಜ್ಜಿಯೊಬ್ಬರು ನನ್ನ ಜೊತೆ ವಾದಕ್ಕೇ ನಿಂತಿದ್ದರು. ಅಮ್ಮಾ, ಹುಣ್ಣಾದ ಬಾಯಿಗೆ ಅದೂ ಖಾರವೇ. ಕಟಿ ರೊಟ್ಟಿಯೂ ಬೇಡ. ಜೋಳದ ನುಚ್ಚು, ಹಾಲು, ಮೆತ್ತಗೆ ಬೇಯಿಸಿದ ಬೇಳೆ, ತುಪ್ಪ ಹಾಕಿದ ಗಂಜಿ ತಿನ್ನಿ. ನುಂಗಲು ಆಗದಿದ್ದರೆ ಉಪವಾಸ ಕೂರಬೇಡಿ, ಅಂದೇ ಡಾಕ್ಟರ್‌ಗೆ ಹೇಳಿ. ನೋವಿಗೆ ಔಷಧಿ ಇದೆ.

ಹುಣ್ಣು ಮಾಯುತ್ತದೆ, ಆದರೆ ಬಾಯಿ ಒಣಗುವುದು ಹಲವರಲ್ಲಿ ಉಳಿದುಬಿಡುತ್ತದೆ. ಜೊಲ್ಲು ಕಡಿಮೆಯಾದರೆ ಹಲ್ಲು ಬೇಗ ಹುಳುಕಾಗುತ್ತವೆ. ಬಾಯಿ ಆರುತ್ತದೆ ಅಂತ ಕಿಸೆಯಲ್ಲಿ ಪೆಪ್ಪರ್‌ಮೆಂಟ್ ಇಟ್ಟುಕೊಂಡು ಚೀಪುವವರಿದ್ದಾರೆ, ಹಲ್ಲಿಗೆ ಅದಕ್ಕಿಂತ ಕೆಟ್ಟದ್ದು ಬೇಕಾ? ನೀರು ಗುಟುಕರಿಸಿ. ಫ್ಲೋರೈಡ್ ಪೇಸ್ಟ್ ಅಥವಾ ಜೆಲ್ ದಿನಾ ಬೇಕು, ಯಾವುದು ಎಂದು ನಿಮ್ಮ ಡೆಂಟಿಸ್ಟ್ ಹೇಳುತ್ತಾರೆ. ಬಾಯಿ ತೆರೆಯುವ ವ್ಯಾಯಾಮವನ್ನೂ ಬಿಡಬೇಡಿ. ಎರಡೇ ಬೆರಳು ಹಿಡಿಯುವಷ್ಟು ಬಿಗಿದುಹೋದ ಬಾಯಿಯಲ್ಲಿ ಹಲ್ಲು ಉಳಿಸುವುದು ನಮಗೂ ಕಷ್ಟ.

ಆಮೇಲೂ ಹಲ್ಲು ನೋಯಬಹುದು. ಆಗ ಕೀಳುವುದು ಕೊನೆಯ ದಾರಿ. ಹಲ್ಲಿನ ಬೇರಿನ ಚಿಕಿತ್ಸೆ (ರೂಟ್ ಕೆನಾಲ್) ಮಾಡಿ ಉಳಿಸಲು ಆಗುತ್ತದಾ ಅಂತ ಮೊದಲು ನೋಡಬೇಕು. ಕೀಳಲೇಬೇಕಾದರೆ ಧಾರವಾಡದ ಸತ್ತೂರಿನ ಡೆಂಟಲ್ ಕಾಲೇಜಿನಂಥ, ದವಡೆ ಸರ್ಜನ್‌ಗಳಿರುವ ಕಡೆ, ಕರೆಂಟ್ ಕೊಟ್ಟ ಡಾಕ್ಟರ್ ಜೊತೆ ಮಾತಾಡಿಯೇ ಕೀಳಿಸಿ. ಯಾವ ಭಾಗಕ್ಕೆ ಎಷ್ಟು ಗ್ರೇ ಕೊಟ್ಟರು ಅಂತ ಆಸ್ಪತ್ರೆಯ ಕಾಗದದಲ್ಲಿ ಬರೆದಿರುತ್ತದೆ. ಅದರ ಫೋಟೊ ನಿಮ್ಮ ಮೊಬೈಲ್‌ನಲ್ಲೂ ಮಗನ ಮೊಬೈಲ್‌ನಲ್ಲೂ ಇರಲಿ. ಹಲ್ಲಿನ ಡಾಕ್ಟರ್ ಕೇಳುವ ಮೊದಲೇ ತೋರಿಸಿ.