ಮರುಭೂಮಿಯ ಚಿನ್ನ, ಕಪ್ಪತಗುಡ್ಡದ ನೀರು

ಗದಗ ಸೀಮೆಯಲ್ಲಿ ಚಿನ್ನದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಆಸ್ಟ್ರೇಲಿಯಾದ ಮರುಭೂಮಿಯಲ್ಲೇ ಅಷ್ಟು ದೊಡ್ಡ ಗಣಿ ನಡೆಸುತ್ತಾರಲ್ಲ, ನಮ್ಮ ಕಪ್ಪತಗುಡ್ಡದಲ್ಲಿ ಯಾಕೆ ಬೇಡ? ಕೇಳಬೇಕಾದ ಪ್ರಶ್ನೆಯೇ. ಉತ್ತರ ಬೇಕೆಂದರೆ ಮೊದಲು ಆ ಮರುಭೂಮಿಗೆ ಹೋಗಿ ಬರಬೇಕು.

ಪಶ್ಚಿಮ ಆಸ್ಟ್ರೇಲಿಯಾದ ಕೂಲ್ಗಾರ್ಡಿಯಲ್ಲಿ 1892ರಲ್ಲಿ ಚಿನ್ನ ಸಿಕ್ಕಿತು. ಮರುವರ್ಷ ಹತ್ತಿರದ ಕಾಲ್ಗೂರ್ಲಿಯಲ್ಲಿ ಪ್ಯಾಡಿ ಹ್ಯಾನನ್ ಮತ್ತು ಅವನ ಜೊತೆಗಾರರಿಗೂ ಸಿಕ್ಕಿತು. ಜನ ಸಾವಿರಗಟ್ಟಲೆ ನುಗ್ಗಿದರು. ಆದರೆ ಕುಡಿಯಲು ನೀರಿರಲಿಲ್ಲ. ನೆಲದಡಿಯ ಉಪ್ಪುನೀರನ್ನು ಕಾಯಿಸಿ, ಬಟ್ಟಿ ಇಳಿಸಿ, ಮಾರುತ್ತಿದ್ದರು. ಟೈಫಾಯ್ಡ್ ಹಬ್ಬಿ ಜನ ಸತ್ತರು. ಕೊನೆಗೆ ಸಿ.ವೈ. ಓಕಾನರ್ ಎಂಬ ಎಂಜಿನಿಯರ್ ಮುಂದೆ ಬಂದರು. ಪರ್ತ್ ನಗರದ ಬಳಿ ಅಣೆಕಟ್ಟೆ ಕಟ್ಟಿಸಿ, 500 ಕಿ.ಮೀ.ಗೂ ಉದ್ದದ ಉಕ್ಕಿನ ಪೈಪಿನಲ್ಲಿ ನೀರು ಹರಿಸುವ ಯೋಜನೆ ಅವರದು. ದಾರಿಯುದ್ದಕ್ಕೂ ಎಂಟು ಪಂಪಿಂಗ್ ಸ್ಟೇಷನ್. 1903ರ ಜನವರಿಯಲ್ಲಿ ನೀರು ಕಾಲ್ಗೂರ್ಲಿ ಮುಟ್ಟಿತು. ಓಕಾನರ್ ಅದನ್ನು ನೋಡಲಿಲ್ಲ. ಎಲ್ಲ ಕಡೆಯ ಟೀಕೆಯಿಂದ ನೊಂದು 1902ರ ಮಾರ್ಚ್‌ನಲ್ಲೇ ಪ್ರಾಣ ಕಳೆದುಕೊಂಡಿದ್ದರು. ಇಂದು ಅಲ್ಲಿರುವ ಸೂಪರ್ ಪಿಟ್ ಎಂಬ ತೆರೆದ ಗಣಿ ಸುಮಾರು ಮೂರೂವರೆ ಕಿ.ಮೀ. ಉದ್ದ, 600 ಮೀಟರ್ ಆಳ.

ಉಜ್ಬೇಕಿಸ್ತಾನದ ಕಿಜಿಲ್‌ಕುಮ್ ಮರುಭೂಮಿಯ ಮುರುಂಟಾವ್ ಗಣಿಯದೂ ಇದೇ ಕಥೆ. 1958ರಲ್ಲಿ ನಿಕ್ಷೇಪ ಸಿಕ್ಕಿತು, 1960ರ ದಶಕದಲ್ಲಿ ಗಣಿ ಶುರುವಾಯಿತು. ನೀರು ಮಾತ್ರ ದೂರದ ಅಮು ದರಿಯಾ ನದಿಯಿಂದ ಪೈಪಿನಲ್ಲಿ ಬರಬೇಕಾಯಿತು. ಅಮೆರಿಕದ ನೆವಾಡಾದಲ್ಲಿ ಇದು ಉಲ್ಟಾ. ಅಲ್ಲಿನ ದೊಡ್ಡ ಗಣಿಗಳು ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದವು. ಹಾಗಾಗಿ ಗುಂಡಿ ಒಣಗಿಸಲು ನೆಲದ ನೀರನ್ನೇ ವರ್ಷಗಟ್ಟಲೆ ಎತ್ತಿ ಹೊರಹಾಕಬೇಕಾಯಿತು.

ಇಷ್ಟು ನೀರು ಯಾಕೆ? ಒಂದು ಟನ್ ಕಲ್ಲಿನಲ್ಲಿ ಇರುವ ಚಿನ್ನ ಕೆಲವೇ ಗ್ರಾಂ. ಉಳಿದದ್ದೆಲ್ಲ ಸುಮ್ನೆ ಕಲ್ಲು. ಅದನ್ನು ಹಿಟ್ಟಿನಂತೆ ಅರೆದು, ನೀರಿಗೆ ಕಲಸಿ, ಸಯನೈಡ್ ಬೆರೆಸಿ ಚಿನ್ನವನ್ನು ಕರಗಿಸಿ ತೆಗೆಯುತ್ತಾರೆ. 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಂಡುಹಿಡಿದ ಈ ವಿಧಾನವೇ ಇವತ್ತಿಗೂ ಮುಖ್ಯ. ಚಿನ್ನ ಹೋದ ಮೇಲೆ ಉಳಿಯುವ ರಾಡಿ ಅಲ್ಲೇ ಇರುತ್ತದೆ. ಕೋಲಾರದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಅದರ ಸಯನೈಡ್ ದಿಬ್ಬಗಳು ಇನ್ನೂ ಊರ ಪಕ್ಕದಲ್ಲಿ ನಿಂತಿವೆ. ಗಾಳಿ ಬೀಸಿದರೆ ಧೂಳು ಮನೆಗಳೊಳಗೆ ಬರುತ್ತದೆ. ಕಪ್ಪತಗುಡ್ಡದ ನೆತ್ತಿಯ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳನ್ನು ನೋಡಿದವರಿಗೆ ಇಲ್ಲಿನ ಗಾಳಿ ಎಂಥದ್ದೆಂದು ಹೇಳಬೇಕಾಗಿಲ್ಲ.

ಕಪ್ಪತಗುಡ್ಡದ ಕಲ್ಲು ಕಾಲ್ಗೂರ್ಲಿಯ ಕಲ್ಲಿನ ಜಾತಿಯದ್ದೇ. ಎರಡೂ 250 ಕೋಟಿ ವರ್ಷಗಳಿಗಿಂತ ಹಳೆಯವು. ಇಲ್ಲಿನ ಚಿನ್ನವೂ ಜನಕ್ಕೆ ಹೊಸದಲ್ಲ. ಜಾಲಗಾರರು ಮಳೆಗಾಲದ ನಂತರ ಹಳ್ಳದ ಮರಳನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದರು. ಡೋಣಿ, ಸೊರಟೂರು ಕಡೆಯ ಹಳ್ಳಗಳು ಇದಕ್ಕೆ ಹೆಸರಾಗಿದ್ದವು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಈ ಗುಡ್ಡಗಳ ಚಿನ್ನದ ಶಿಲೆಗಳ ಬಗ್ಗೆ ವರದಿ ಬರೆದರು. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಗಳು ಕಬಲಾಯತಕಟ್ಟಿ ಸುತ್ತ ಅಗೆದವು. ಕೆಲವೇ ವರ್ಷಗಳಲ್ಲಿ ಬಿಟ್ಟು ಹೋದವು. ಇಲ್ಲಿನ ಚಿನ್ನದ ಜೊತೆ ಆರ್ಸೆನಿಕ್ ಇರುವ ಅದಿರೂ ಬೆರೆತಿದೆ. ಕಲ್ಲು ಅರೆದು ಬಯಲಿಗೆ ಹಾಕಿದರೆ ಆ ವಿಷ ಎಲ್ಲಿಗೆ ಹರಿಯುತ್ತದೆ ಎಂಬುದು ಸಣ್ಣ ವಿಷಯವಲ್ಲ.

ಜನ ಎದ್ದು ನಿಂತದ್ದು ಮೊದಲು ಚಿನ್ನಕ್ಕಾಗಿ ಅಲ್ಲ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಬಳಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಎರೆಹೊಲ ಕೇಳಿದಾಗ ರೈತರು ಕೊಡೆವು ಎಂದರು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಅವರ ಬೆನ್ನಿಗೆ ನಿಂತರು. ಆ ಯೋಜನೆ ಕೈಬಿಟ್ಟುಹೋಯಿತು. ಅದೇ ಬಲ ಮುಂದೆ ಗುಡ್ಡದ ಕೆಲಸಕ್ಕೆ ಬಂತು. 2015ರ ಡಿಸೆಂಬರ್‌ನಲ್ಲಿ ಸರ್ಕಾರ ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಒಂದು ವರ್ಷ ತುಂಬುವ ಮೊದಲೇ ಆದೇಶ ವಾಪಸ್ ಪಡೆಯಿತು. ಗಣಿಗೆ ದಾರಿ ಮಾಡಲಿಕ್ಕೆ ಇದು ಎಂದು ಜನ ಅರ್ಥ ಮಾಡಿಕೊಂಡರು. 2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ಸ್ವಾಮೀಜಿಯವರ ನೇತೃತ್ವದಲ್ಲಿ ಧರಣಿ ನಡೆಯಿತು. ಹೋರಾಟಗಾರರಾದ ಎಸ್.ಆರ್. ಹಿರೇಮಠ, ಮೇಧಾ ಪಾಟ್ಕರ್ ಜೊತೆಗೂಡಿದರು. ಏಪ್ರಿಲ್‌ನಲ್ಲಿ ಸರ್ಕಾರ ಹಳೆಯ ಘೋಷಣೆಯನ್ನು ಮತ್ತೆ ಜಾರಿಗೆ ತಂದಿತು. 2019ರ ಮೇ ತಿಂಗಳಲ್ಲಿ ಸುಮಾರು 244 ಚದರ ಕಿ.ಮೀ. ವನ್ಯಜೀವಿಧಾಮವಾಯಿತು. ಅಷ್ಟರಲ್ಲಿ ಸ್ವಾಮೀಜಿ ತೀರಿಹೋಗಿದ್ದರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಾಲ್ಗೂರ್ಲಿಗೂ ಗದಗಿಗೂ ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಗಣಿಗಾಗಿ ಊರು ಹುಟ್ಟಿತು, ಊರಿಗಾಗಿ ನೀರು ತಂದರು. ಆ ನೆಲವೂ ಖಾಲಿ ಇರಲಿಲ್ಲ. ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಅಲ್ಲಿನ ಬಂಡೆಗುಂಡಿಗಳ ನೀರು ನಂಬಿ ಬದುಕಿದ್ದರು. ಅವರನ್ನು ಯಾರೂ ಕೇಳಲಿಲ್ಲ. ಇಲ್ಲಿ ಊರುಗಳು ಮೊದಲೇ ಇವೆ, ಹೊಲಗಳಿವೆ, ದನಕರುಗಳಿವೆ. ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆ, ಅದೂ ನೆಟ್ಟಗೆ ಬಂದರೆ. ಗದಗ-ಬೆಟಗೇರಿಯವರು ನಲ್ಲಿ ನೀರಿಗೆ ದಿನಗಟ್ಟಲೆ ಕಾಯುತ್ತಾರೆ, ಆ ನೀರೂ ತುಂಗಭದ್ರೆಯಿಂದ ಬರಬೇಕು. ಗುಡ್ಡದ ಮೇಲೆ ಬಿದ್ದ ಮಳೆ ನೆಲಕ್ಕೆ ಇಂಗಿ, ಹಳ್ಳಗಳಾಗಿ ಇಳಿದು, ಬುಡದ ಹಳ್ಳಿಗಳ ಬಾವಿ, ಬೋರ್‌ವೆಲ್‌ಗೆ ಸೇರುತ್ತದೆ. ಇಲ್ಲಿ ಗಣಿ ಮಾಡಿದರೆ ಇರುವ ನೀರನ್ನೇ ಹಂಚಿಕೊಳ್ಳಬೇಕಾಗುತ್ತದೆ ಅಲ್ವಾ? ಇದಕ್ಕೇ ನಾನು ಗುಡ್ಡದ ಪರ.

ವನ್ಯಜೀವಿಧಾಮದೊಳಗೂ ಅದರ ಗಡಿಯಾಚೆ ಒಂದು ಕಿ.ಮೀ. ತನಕವೂ ಗಣಿಗಾರಿಕೆ ಕೂಡದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಮತ್ತೆ ಹೇಳಿದೆ. ಆದರೆ ಚಿನ್ನದ ಶಿಲೆ ಆ ಗೆರೆ ನೋಡಿ ನಿಲ್ಲುವುದಿಲ್ಲ. ಹಾವೇರಿ ಪಕ್ಕದ ಗಣಜೂರಿನಲ್ಲೂ ನಿಕ್ಷೇಪವಿದೆ, ಅಲ್ಲಿ ವನ್ಯಜೀವಿಧಾಮದ ರಕ್ಷಣೆ ಇಲ್ಲ. ಅಂಥ ಕಡೆ ಯಾರೇ ಪರವಾನಗಿ ಕೇಳಿದರೂ ಗ್ರಾಮಸಭೆ ಎರಡು ಲೆಕ್ಕ ಕೇಳಲಿ. ದಿನಕ್ಕೆ ಎಷ್ಟು ನೀರು, ಎಲ್ಲಿಂದ? ಗಣಿ ಮುಚ್ಚಿದ ಮೇಲೆ ಆ ರಾಡಿಯನ್ನು ಕಾಯುವವರು ಯಾರು, ಯಾರ ದುಡ್ಡಿನಲ್ಲಿ? ಎರಡಕ್ಕೂ ಬರವಣಿಗೆಯಲ್ಲಿ ಉತ್ತರ ಬರುವ ತನಕ ಒಪ್ಪಿಗೆ ಕೊಡಬಾರದು.